ಸಕ್ಯುಲೆಂಟ್‌ಗೆ ಬಿಸಿಲು ಎಷ್ಟು, ಯಾವಾಗ? ನರ್ಸರಿಯವರನ್ನು ಕೇಳಿ

ಪ್ರಶ್ನೆ: ಮೇಡಂ, ನಮಸ್ಕಾರ. ಆರು ತಿಂಗಳ ಹಿಂದೆ ಒಂದು ಎಚೆವೇರಿಯಾ ತಂದೆ, ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಸಕ್ಯುಲೆಂಟ್ ಗಿಡ. ಆಗ ಅಂಗೈ ಅಗಲ ಇತ್ತು, ಬಿರಿದ ತಾವರೆ ಥರ. ಕಿಟಕಿ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇನೆ. ರೂಮಿನಲ್ಲಿ ಬೆಳಕು ಚೆನ್ನಾಗಿಯೇ ಇದೆ, ಹಗಲು ಲೈಟ್ ಹಾಕದೆ ಪೇಪರ್ ಓದಬಹುದು. ಆದರೂ ಗಿಡ ಕತ್ತು ಚಾಚಿಕೊಂಡು ಒಂದು ಕಡೆಗೆ ವಾಲಿದೆ, ಎಲೆ ಎಲೆಗೂ ಮಧ್ಯೆ ಬೆರಳು ತೂರುವಷ್ಟು ಜಾಗ, ಬಣ್ಣವೂ ಪೇಲವ. ಗೊಬ್ಬರ ಹಾಕಿದೆ, ಇನ್ನೂ ಉದ್ದ ಆಯಿತು. ಏನು ಕಡಿಮೆ ಆಗಿದೆ?

ಉತ್ತರ: ಮೊದಲು ಗೊಬ್ಬರ ನಿಲ್ಲಿಸಿ. ಕಡಿಮೆ ಆಗಿರುವುದು ಬೆಳಕೇ. ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ, "ನಮ್ಮನೇಲಿ ತುಂಬಾ ಬೆಳಕು ಮೇಡಂ" ಅಂತಲೇ ಎಲ್ಲರೂ ಹೇಳುವುದು. ತಪ್ಪು ನಿಮ್ಮದಲ್ಲ, ಕಣ್ಣಿನದು. ಒಳಗೆ ಬಂದ ಕೂಡಲೇ ಅದು ಹೊಂದಿಕೊಂಡುಬಿಡುತ್ತದೆ, ಎಷ್ಟು ಬೆಳಕು ಬಿಟ್ಟು ಬಂದೆವು ಅಂತ ನಮಗೆ ಗೊತ್ತೇ ಆಗುವುದಿಲ್ಲ. ಬಯಲಿನಲ್ಲಿ ಮಟಮಟ ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್ (ಬೆಳಕಿನ ಅಳತೆ) ಇರುತ್ತದೆ. ಅದೇ ಹೊತ್ತಿಗೆ ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗಿರುವ ಮೇಜಿನ ಮೇಲೆ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಪೇಪರ್ ಓದಲು ಅಷ್ಟು ಸಾಕು, ಎಚೆವೇರಿಯಾಗೆ ಅದು ಹಸಿವು. ಹಸಿದ ಗಿಡ ಬೆಳಕು ಹುಡುಕಿಕೊಂಡು ಉದ್ದ ಆಗುತ್ತದೆ, ಅದಕ್ಕೆ ಗೊಬ್ಬರವನ್ನೂ ಕೊಟ್ಟರೆ ಓಟ ಇನ್ನೂ ಜೋರು.

ಅಳೆಯಲು ಮಿಷನ್ ಬೇಡ. ಬಿಸಿಲಿರುವ ದಿನ ಮಧ್ಯಾಹ್ನ ಗಿಡದ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳು ಬಿಡಿಬಿಡಿಯಾಗಿ ಚೂಪಾದ ನೆರಳಾಗಿ ಬಿದ್ದರೆ ಬೆಳಕು ಜೋರಾಗಿದೆ. ಕೈ ಇದೆ ಅಂತ ಮಾತ್ರ ಗೊತ್ತಾಗುವ ಮಸುಕು ನೆರಳಾದರೆ ಹಾವೊರ್ಥಿಯಾ, ಗ್ಯಾಸ್ಟೀರಿಯಾ, ಸ್ನೇಕ್ ಪ್ಲಾಂಟ್ ಅಂಥ ಸಕ್ಯುಲೆಂಟ್‌ಗಳು ಬದುಕುತ್ತವೆ. ನೆರಳೇ ಇಲ್ಲ ಅಂದರೆ ಅಲ್ಲಿ ಪುಸ್ತಕ ಇಡಿ, ಸಕ್ಯುಲೆಂಟ್ ಬೇಡ. ಫೋನಿನಲ್ಲಿ ಲಕ್ಸ್ ನೋಡುವ ಆಪ್ ಸಿಗುತ್ತದೆ, ತೀರಾ ನಿಖರ ಅಲ್ಲ, ಆದರೆ ಈ ಜಾಗಕ್ಕೂ ಆ ಜಾಗಕ್ಕೂ ಹೋಲಿಸಿ ನೋಡಲು ಸಾಕು.

ಉದ್ದ ಆಗಿದ್ದು ಮತ್ತೆ ಗಿಡ್ಡ ಆಗುವುದಿಲ್ಲ, ಅದನ್ನು ಮರೆತುಬಿಡಿ. ಬೆಳಕು ಸರಿಯಾದ ಮೇಲೆ ಹೊಸದಾಗಿ ಬರುವ ಎಲೆಗಳು ಮಾತ್ರ ಒತ್ತಾಗಿ ಬರುತ್ತವೆ. ಇನ್ನೊಂದು ವಿಷಯ, ಮೇಜು ಕಿಟಕಿಯಿಂದ ಎಷ್ಟು ದೂರ ಅಂತ ನೀವು ಬರೆದಿಲ್ಲ. ಟೇಪ್ ಹಿಡಿದು ಅಳೆದು ಹೇಳಿ.

ಪ್ರಶ್ನೆ (ಬೇರೆಯವರು): ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು ಉಲ್ಟಾ ಕಥೆ. ಬೆಳಕು ಸಾಲದು ಅಂತ ಹೋದ ಭಾನುವಾರ ಎಲ್ಲ ಕುಂಡಗಳನ್ನೂ ತಾರಸಿಗೆ ಸಾಗಿಸಿದೆ. ಸಂಜೆ ನೋಡಿದರೆ ಎಲೆಗಳ ಮೇಲೆ ಬಿಳಿಬಿಳಿ ಮಚ್ಚೆ, ಈಗ ಕಂದು ಬಣ್ಣಕ್ಕೆ ತಿರುಗಿ ಒಣಗಿದೆ. ಫಂಗಸ್ ಇರಬಹುದಾ? ಔಷಧಿ ಹೊಡೆಯಬೇಕಾ? ಇವು ಕಿಟಕಿಯಲ್ಲಿ ನೇರ ಬಿಸಿಲಲ್ಲೇ ಇದ್ದವು, ಅದಕ್ಕೇ ಆಶ್ಚರ್ಯ.

ಉತ್ತರ: ಔಷಧಿ ಬೇಡ. ಮಚ್ಚೆ ಯಾವ ಕಡೆ ಇದೆ ನೋಡಿ. ಸೂರ್ಯನಿಗೆ ಮುಖ ಮಾಡಿದ ಕಡೆ ಮಾತ್ರ ಇದ್ದು, ಮೇಲಿನ ಎಲೆಯ ಮರೆಯಲ್ಲಿದ್ದ ಭಾಗ ಹಸಿರಾಗೇ ಉಳಿದಿದ್ದರೆ ಅದು ಬಿಸಿಲಿನ ಸುಟ್ಟ ಗಾಯ. ಫಂಗಸ್‌ಗೆ ದಿಕ್ಕು ಗೊತ್ತಿಲ್ಲ, ಅದು ದಿನದಿನಕ್ಕೂ ಹರಡುತ್ತದೆ. ಸುಟ್ಟ ಗಾಯ ಇದ್ದಲ್ಲೇ ಇರುತ್ತದೆ, ಆ ಎಲೆ ಉದುರುವ ತನಕ ಕಲೆಯೂ ಹೋಗುವುದಿಲ್ಲ. ಎಲೆ ಕೀಳಬೇಡಿ, ಉಳಿದ ಹಸಿರು ಇನ್ನೂ ಕೆಲಸ ಮಾಡುತ್ತಿದೆ.

ಕಿಟಕಿಯ ಬಿಸಿಲು ಬೇರೆ, ಬಯಲಿನ ಬಿಸಿಲು ಬೇರೆ. ಗಾಜು ಯುವಿ ಕಿರಣಗಳಲ್ಲಿ ಒಂದಷ್ಟನ್ನು, ಅದರಲ್ಲೂ ಸುಡುವ ಯುವಿ-ಬಿಯನ್ನು ಬಹುಪಾಲು ತಡೆದುಬಿಡುತ್ತದೆ. ಹಾಗಾಗಿ ಒಳಗೆ ಬೆಳೆದ ಎಲೆಗೆ ಆ ಅಭ್ಯಾಸವೇ ಇರುವುದಿಲ್ಲ.

ನಾನೂ ಇದನ್ನು ಪೆಟ್ಟು ತಿಂದೇ ಕಲಿತಿದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ವಾರಗಟ್ಟಲೆ ಮೋಡ ಇದ್ದು ಒಂದು ದಿನ ಫಳಾರನೆ ಬಿಸಿಲು ಬಂತು. ಪಾಪ ಗಿಡಗಳು ಕಾದಿವೆ ಅಂತ ನಲವತ್ತು ಹಾವೊರ್ಥಿಯಾ ಕುಂಡಗಳನ್ನು ಬೆಳಿಗ್ಗೆಯೇ ಹೊರಗಿನ ಬೆಂಚಿಗೆ ಜೋಡಿಸಿದೆ. ಮೂರು ಗಂಟೆಗೆ ಹೋಗಿ ನೋಡಿದರೆ ಎಲೆಗಳ ಪಶ್ಚಿಮದ ಮೈಯೆಲ್ಲ ಬೆಂದ ಆಲೂಗಡ್ಡೆ ಬಣ್ಣ. ಮುಟ್ಟಿದರೆ ಮೆತ್ತಗೆ. ಯಜಮಾನರು ಬೈಯಲಿಲ್ಲ, ಆ ಕುಂಡಗಳನ್ನು ವರ್ಷಪೂರ್ತಿ ನನ್ನ ಕಣ್ಣೆದುರಿಗೇ ಇಟ್ಟರು.

ಹೊರಗೆ ತರುವಾಗ ಮೊದಲ ಮೂರು ದಿನ ಬೆಳಗಿನ ಬಿಸಿಲು ಒಂದು ಗಂಟೆ, ಅಷ್ಟೇ. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಅರ್ಧ ಅರ್ಧ ಗಂಟೆ ಏರಿಸುತ್ತಾ ಹೋಗಿ, ಎರಡು ಮೂರು ವಾರ ಆಗುತ್ತದೆ, ಆಗಲಿ. ಅಷ್ಟು ಪುರುಸೊತ್ತಿಲ್ಲದಿದ್ದರೆ 50 ಪರ್ಸೆಂಟ್ ಶೇಡ್ ನೆಟ್ (ಅರ್ಧ ಬಿಸಿಲು ತಡೆಯುವ ಬಲೆ) ಕೆಳಗೆ ಇಟ್ಟುಬಿಡಿ. ಹಾಂ, ಎಚೆವೇರಿಯಾ ಎಲೆ ಮೇಲೆ ಬೂದಿಯಂಥ ಬಿಳಿ ಪುಡಿ ಇರುತ್ತದಲ್ಲ, ಧೂಳು ಅಂತ ಒರೆಸಬೇಡಿ. ಅದು ಗಿಡವೇ ಹಚ್ಚಿಕೊಂಡ ಸನ್‌ಸ್ಕ್ರೀನ್. ಒರೆಸಿದ ಜಾಗದಲ್ಲಿ ಮತ್ತೆ ಬರುವುದಿಲ್ಲ, ನಿಮ್ಮ ಹೆಬ್ಬೆರಳಿನ ಗುರುತು ಆ ಎಲೆ ಮೇಲೆ ಕೊನೆ ತನಕ ಉಳಿಯುತ್ತದೆ.

ಪ್ರಶ್ನೆ: ನಮ್ಮ ಮನೆಯ ದಕ್ಷಿಣದ ಕಿಟಕಿಯಲ್ಲಿ ಡಿಸೆಂಬರ್, ಜನವರಿಯಲ್ಲಿ ಬಿಸಿಲು ನೆಲದ ತನಕ ಬರುತ್ತಿತ್ತು, ಗಿಡಗಳು ನಳನಳಿಸುತ್ತಿದ್ದವು. ಈಗ ಬೇಸಿಗೆ, ಬಿಸಿಲು ಜಾಸ್ತಿ ಆಗಬೇಕಲ್ವಾ? ಕಿಟಕಿಯೊಳಗೆ ಹನಿ ಬಿಸಿಲೂ ಇಲ್ಲ. ಇದೇನು ಮಾಯೆ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ವರ್ಷವಿಡೀ ಗಿಡ ಒಂದೇ ಜಾಗದಲ್ಲಿದ್ದರೂ ಬೆಳಕು ಒಂದೇ ಜಾಗದಲ್ಲಿ ಇರುವುದಿಲ್ಲ ಅನ್ನುವುದನ್ನು ಬಹಳ ಜನ ಗಮನಿಸುವುದೇ ಇಲ್ಲ. ನೀವು ಭೂಮಿಯ ಉತ್ತರ ಭಾಗದಲ್ಲಿದ್ದೀರಿ ಅಂತ ಗೊತ್ತಾಯಿತು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಕೆಳಗೆ ಸಾಗುತ್ತಾನೆ, ಹಾಗಾಗಿ ಬಿಸಿಲು ಓರೆಯಾಗಿ ಕೋಣೆಯ ಒಳಗೆ ದೂರದ ತನಕ ಬರುತ್ತದೆ. ಬೇಸಿಗೆಯಲ್ಲಿ ಮೇಲೆ ಏರುತ್ತಾನೆ, ಬಿಸಿಲು ಕಿಟಕಿಯ ಸಜ್ಜಾದ ಮೇಲೆಯೇ ನಿಂತುಬಿಡುತ್ತದೆ. ಲೆಕ್ಕ ಬೇಕಾದರೆ, 40 ಡಿಗ್ರಿ ಉತ್ತರ ಅಕ್ಷಾಂಶದ ಊರಿನಲ್ಲಿ ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ದಿಗಂತದಿಂದ 26-27 ಡಿಗ್ರಿ ಎತ್ತರದಲ್ಲಿ ಇರುತ್ತಾನೆ, ಜೂನ್ 21ಕ್ಕೆ 73ಕ್ಕಿಂತ ಮೇಲೆ. ಕರ್ಕಾಟಕ ವೃತ್ತಕ್ಕೂ ಭೂಮಧ್ಯರೇಖೆಗೂ ನಡುವೆ ಇರುವವರಿಗೆ ಇನ್ನೂ ತಮಾಷೆ. ಅಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಗೆ ಬಂದು, ನಡುವಿನ ದಿನಗಳಲ್ಲಿ ಉತ್ತರದ ಕಡೆಗೇ ದಾಟಿಹೋಗುತ್ತಾನೆ. ಆಗ ಬಿಸಿಲು ಬೀಳುವುದು ಉತ್ತರದ ಕಿಟಕಿಗೆ. ಭೂಮಧ್ಯರೇಖೆಯ ಕೆಳಗಿನವರು ಎಲ್ಲವನ್ನೂ ತಿರುಗಿಸಿ ಓದಿಕೊಳ್ಳಿ.

ನಾನು ಮಾಡುವುದು ಇಷ್ಟು. ಪ್ರತಿ ತಿಂಗಳ 1ನೇ ತಾರೀಕು ಮಧ್ಯಾಹ್ನ, ಬಿಸಿಲು ಎಲ್ಲಿ ತನಕ ಬಂದಿದೆಯೋ ಅಲ್ಲಿ ನೆಲದ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ, ಪಕ್ಕದಲ್ಲಿ ತಿಂಗಳ ಹೆಸರು. ಒಂದು ವರ್ಷ ಮಾಡಿದರೆ ಮುಗಿಯಿತು, ಯಾವ ತಿಂಗಳು ಕುಂಡ ಎಲ್ಲಿರಬೇಕು ಅಂತ ನೆಲವೇ ಹೇಳುತ್ತದೆ. ಒರೆಸುವವರಿಗೆ ಮೊದಲೇ ಹೇಳಿಡಿ, ನನ್ನ ಮೊದಲ ವರ್ಷದ ಏಳು ಗೆರೆ ಹಾಗೇ ಹೋಯಿತು.

ನಿಮಗೆ ಈಗ ಪೂರ್ವದ ಕಿಟಕಿ ಇದ್ದರೆ ಅಲ್ಲಿಗೆ ಸಾಗಿಸಿ. ಪಶ್ಚಿಮದ್ದೂ ಆಗುತ್ತದೆ, ಆದರೆ ಮಧ್ಯಾಹ್ನದ ನಂತರದ ಬಿಸಿಲಿಗೆ ಕಾವು ಜಾಸ್ತಿ, ತೆಳು ಪರದೆ ಇರಲಿ. ಬೇಸಿಗೆಯಲ್ಲಿ ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಲ್ಲಿಟ್ಟರೆ ಎಲೆಗಿಂತ ಮೊದಲು ಬೇರು ಬೇಯುತ್ತದೆ, ಅದೂ ಗಮನದಲ್ಲಿರಲಿ. ಮೋಡ ಮುಸುಕಿದ ತಿಂಗಳುಗಳಲ್ಲಿ ಬೆಳಕು ಹೇಗೂ ಇಳಿಯುತ್ತದೆ, ಆಗ ಗಿಡವನ್ನು ಇರುವ ಜಾಗಗಳಲ್ಲೆಲ್ಲ ಬೆಳಕು ಹೆಚ್ಚಿರುವ ಕಡೆ ಇಟ್ಟು ನೀರು ಹಾಕುವಾಗ ಕೈ ಬಿಗಿ ಮಾಡಿ. ಬೆಳಕಿಲ್ಲದ ಗಿಡ ನೀರು ಕುಡಿಯುವುದು ನಿಧಾನ. ಬೇಸಿಗೆಯ ಲೆಕ್ಕದಲ್ಲೇ ನೀರು ಹಾಕಿದರೆ ಬುಡ ಕೊಳೆಯುತ್ತದೆ, ನರ್ಸರಿಗೆ ವಾಪಸ್ ಬರುವ ಸತ್ತ ಗಿಡಗಳಲ್ಲಿ ನಾನು ಹೆಚ್ಚು ನೋಡುವುದು ಇದನ್ನೇ. ಏಯೋನಿಯಂ ಅನ್ನುವ ಸಕ್ಯುಲೆಂಟ್‌ನದು ಮಾತ್ರ ಬೇರೆ ದಾರಿ. ಅದು ತಂಪು ಕಾಲದಲ್ಲಿ ಬೆಳೆದು ಕಡುಬೇಸಿಗೆಯಲ್ಲಿ ಎಲೆ ಮುದುಡಿಕೊಂಡು ಮಲಗುತ್ತದೆ, ಆಗ ಅದಕ್ಕೆ ನೆರಳೇ ಹಿತ.

ಪ್ರಶ್ನೆ: ಅಕ್ಕಾ, ನನ್ನ ರೂಮಿಗೆ ಒಂದೇ ಕಿಟಕಿ, ಎದುರಿಗೆ ಗೋಡೆ. ಗಿಡ ಬೆಳೆಸಲು ಹಾಕುವ ಎಲ್‌ಇಡಿ ಗ್ರೋ ಲೈಟ್ ತರೋಣ ಅಂತ ಇದ್ದೇನೆ. ದಿನಕ್ಕೆ 24 ಗಂಟೆ ಉರಿಸಿದರೆ ಬೇಗ ಬೆಳೆಯುತ್ತಾ? ನೇರಳೆ ಬಣ್ಣದ್ದೇ ಬೇಕಾ?

ಉತ್ತರ: ಬೇಡ ತಮ್ಮಾ, ಗಿಡಕ್ಕೆ ರಾತ್ರಿಯೂ ಬೇಕು. ನಾವು ಸಾಕುವ ಸಕ್ಯುಲೆಂಟ್‌ಗಳಲ್ಲಿ ಬಹುಪಾಲು ಹಗಲು ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡಿರುತ್ತವೆ, ನೀರು ಆವಿಯಾಗಬಾರದಲ್ಲ. ರಾತ್ರಿ ತೆರೆದು ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಆಮ್ಲದ ರೂಪದಲ್ಲಿ ಕೂಡಿಡುತ್ತವೆ, ಮರುದಿನದ ಬೆಳಕಿನಲ್ಲಿ ಅದರಿಂದ ಸಕ್ಕರೆ ಮಾಡಿಕೊಳ್ಳುತ್ತವೆ. ನೀನು ರಾತ್ರಿಯನ್ನೇ ಕಿತ್ತುಕೊಂಡರೆ ಆ ಕ್ರಮವೇ ಕೆಡುತ್ತದೆ. 12ರಿಂದ 14 ಗಂಟೆ ಸಾಕು, ಒಂದು ಟೈಮರ್ ಹಾಕಿಬಿಡು. ಹೂವಿನ ಕಲಂಚೊ ಇದ್ದರೆ ಅದಕ್ಕೆ ಇನ್ನೂ ಕಡಿಮೆ: ಸುಮಾರು ಆರು ವಾರ ದಿನಾ 14 ಗಂಟೆ ಪೂರ್ತಿ ಕತ್ತಲೆ ಸಿಕ್ಕರೆ ಮೊಗ್ಗು ಕಟ್ಟುತ್ತದೆ.

ನೇರಳೆ ಬೇಡ, ಬಿಳಿ ಲೈಟೇ ಒಳ್ಳೆಯದು. ಗಿಡದ ನಿಜ ಬಣ್ಣ ಕಾಣಿಸುತ್ತದೆ, ಹುಳ ಬಂದರೂ ಕಣ್ಣಿಗೆ ಬೀಳುತ್ತದೆ. ದೂರ ಮುಖ್ಯ. ಒಂಟಿ ಬಲ್ಬ್ ಆದರೆ ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಅರ್ಧದಿಂದ ಒಂದಡಿ ಎತ್ತರದಲ್ಲಿ ಕಟ್ಟಿ ಎರಡು ವಾರ ನೋಡು. ಎಲೆಗಳು ಕೆಳಗೆ ಬಾಗಿ ಕೊಡೆ ಬಿಚ್ಚಿದ ಹಾಗೆ ಚಪ್ಪಟೆಯಾದರೆ ಸಾಲದು, ಇನ್ನೂ ಹತ್ತಿರ ತಾ. ಮೇಲೆದ್ದು ಮೊಗ್ಗಿನ ಹಾಗೆ ಮುಚ್ಚಿಕೊಂಡರೆ ಅತಿಯಾಗಿರಬಹುದು, ಸ್ವಲ್ಪ ಮೇಲೆತ್ತು.

ಪ್ರಶ್ನೆ: ಜೇಡ್ ಗಿಡದ ಎಲೆ ಅಂಚು ಕೆಂಪಾಗಿದೆ. ಸುಡುತ್ತಿದೆಯಾ?

ಉತ್ತರ: ಇಲ್ಲ. ಜೋರು ಬೆಳಕಿಗೆ, ರಾತ್ರಿಯ ಚಳಿಗೆ ಅದು ಆಂಥೋಸಯನಿನ್ ಅನ್ನುವ ಕೆಂಪು ಬಣ್ಣ ಮಾಡಿಕೊಳ್ಳುತ್ತದೆ. ಎಲೆ ಗಟ್ಟಿಯಾಗಿ ತುಂಬಿಕೊಂಡಿದ್ದರೆ ಖುಷಿಪಡಿ. ಸುಕ್ಕಾಗಿದ್ದರೆ ನೀರು ನೋಡಿ.

ಮೊದಲ ಪ್ರಶ್ನೆಯವರು: ಮೇಡಂ, ಅಳೆದೆ. ಹೇಳಲು ನಾಚಿಕೆ, ಮೇಜು ಕಿಟಕಿಯಿಂದ ಏಳು ಅಡಿ ದೂರ. ಆಪ್‌ನಲ್ಲಿ 240 ಲಕ್ಸ್. ಕಿಟಕಿ ಕಟ್ಟೆಯ ಮೇಲೆ 9,000 ತೋರಿಸಿತು, ಸೊಳ್ಳೆ ಪರದೆ ಸರಿಸಿದರೆ ಇನ್ನೂ ಏರುತ್ತದೆ! ಈಗಲೇ ಗಿಡದ ತಲೆ ಕತ್ತರಿಸಿ ಬೇರೆಯಾಗಿ ನೆಡಲಾ?

ಉತ್ತರ: ಪರದೆಯ ಧೂಳು ತೊಳೆಯಿರಿ, ಅದರಿಂದಲೇ ಒಂದಿಷ್ಟು ಸಿಗುತ್ತದೆ. ಕತ್ತರಿ ಸದ್ಯಕ್ಕೆ ಬೇಡ, ಹಸಿದ ಗಿಡ ಅದು. ಇವತ್ತು ಕಟ್ಟೆಗೆ ತನ್ನಿ, ಒಂದು ವಾರ ತೆಳು ಬಟ್ಟೆಯ ಮರೆ ಕೊಡಿ, ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ. ನಡುವಿನ ಹೊಸ ಎಲೆಗಳು ಒತ್ತಾಗಿ, ದಪ್ಪಗೆ ಬರಲು ಶುರುವಾದ ಮೇಲೆ ತಲೆಯ ಕೆಳಗೆ ಒಂದೂವರೆ ಇಂಚು ಕಾಂಡ ಬಿಟ್ಟು ಕತ್ತರಿಸಿ. ಮೂರು ನಾಲ್ಕು ದಿನ ನೆರಳಲ್ಲಿ ಒಣಗಲಿ, ಗಾಯ ಮುಟ್ಟಿದರೆ ಒರಟಾಗಿರಬೇಕು, ಆಮೇಲೆ ನೆಡಿ. ಹಳೇ ಮೋಟನ್ನು ಎಸೆಯಬೇಡಿ, ಅದನ್ನೂ ಕಟ್ಟೆ ಮೇಲೆಯೇ ಇಡಿ. ಬುಡದಲ್ಲಿ ಮರಿಗಳು ಬಂದಾಗ ಫೋಟೋ ಹಾಕಿ.