‘ಟೆಂಪರ್ಡ್ ಸೋರ್ಡ್’ಗೆ ಹದಗತ್ತಿ ಅಂದರೆ ನಡೆಯುತ್ತಾ?

ಒಂದು ಪದ ಬೇಕಾಗಿದೆ. ಅದಕ್ಕೆ ಮೊದಲು ಸ್ವಲ್ಪ ಕಥೆ ಹೇಳಬೇಕು, ಇಲ್ಲದಿದ್ದರೆ ಇಷ್ಟು ಸಣ್ಣ ವಿಷಯಕ್ಕೆ ಇವನು ಯಾಕೆ ಒದ್ದಾಡುತ್ತಿದ್ದಾನೆ ಅನ್ನಿಸುತ್ತದೆ.

ನಾನು ಮಧುಗಿರಿಯವನು. ಅಕ್ಕನ ಮಗ ಏಳನೇ ಕ್ಲಾಸು, ರಜೆಗೆ ನಮ್ಮ ಮನೆಗೆ ಬಂದಿದ್ದಾನೆ. ಜೊತೆಗೆ ಅವನ ಸ್ವಿಚ್ಚೂ ಬಂದಿದೆ, ನಿಂಟೆಂಡೋದವರ ವಿಡಿಯೋ ಗೇಮ್ ಯಂತ್ರ. ಅದರಲ್ಲಿ ಹೊಸ ಆಟಗಳೆಲ್ಲ ಬಿಟ್ಟು ಜೆಲ್ಡಾ ಸರಣಿಯ ಹಳೇದೊಂದನ್ನು ಹಿಡಿದುಕೊಂಡು ಕೂತಿದ್ದಾನೆ, ‘ಎ ಲಿಂಕ್ ಟು ದ ಪಾಸ್ಟ್’, 1991ರದ್ದು. ಆಡುತ್ತಾ ಆಡುತ್ತಾ ಕನ್ನಡದಲ್ಲಿ ಮಾತಾಡಿ ರೆಕಾರ್ಡ್ ಮಾಡುತ್ತಾನೆ, ಕ್ಲಾಸಿನ ಹುಡುಗರಿಗೆ ಕಳಿಸುತ್ತಾನೆ. ಮೊನ್ನೆ ಅರ್ಧಕ್ಕೆ ನಿಲ್ಲಿಸಿ ಕೇಳಿದ: ‘ಮಾಮ, ಟೆಂಪರ್ಡ್ ಸೋರ್ಡ್ ಅಂದ್ರೆ ಸಿಟ್ಟು ಬಂದಿರೋ ಕತ್ತಿನಾ?’

ನಗು ಬಂತು, ಆದರೆ ಅವನದೇನು ತಪ್ಪು? ನಮ್ಮ ಮಾತಿನಲ್ಲಿ ಟೆಂಪರ್ ಅಂದರೆ ಸಿಟ್ಟೇ. ‘ಅವನಿಗೆ ಟೆಂಪರ್ ಜಾಸ್ತಿ’ ಅಂತೀವಿ. ಬೇರೆ ಅರ್ಥ ಕನ್ನಡಕ್ಕೆ ಬಂದೇ ಇಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಈ ಸರಣಿಯಲ್ಲಿ ಮಾಸ್ಟರ್ ಸೋರ್ಡ್ ಅಂತ ಒಂದು ಕತ್ತಿ ಇದೆ. ಮೊದಲು ಬಂದಿದ್ದು ಇದೇ 1991ರ ಆಟದಲ್ಲಿ. ಮೂರು ಪದಕ ಸಂಪಾದಿಸಿಕೊಂಡು ಹೋದವನು ಮಾತ್ರ ಕಾಡಿನೊಳಗಿನ ಕಲ್ಲಿನಿಂದ ಅದನ್ನು ಕೀಳಬಹುದು. ಆಮೇಲೆ ಸರಣಿಯ ಎಷ್ಟೋ ಆಟಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಹೀರೋ ಬೇರೆ, ಕಾಲ ಬೇರೆ, ಕತ್ತಿ ಮಾತ್ರ ಅದೇ. ಮತ್ತೆ ಸುಮಾರು ಆಟಗಳಲ್ಲಿ ಅದು ಸಿಕ್ಕ ಹಾಗೇ ಇರುವುದಿಲ್ಲ. ಯಾರೋ ಅದಕ್ಕೆ ಏನೋ ಮಾಡುತ್ತಾರೆ, ಅದರ ಶಕ್ತಿ ಹೆಚ್ಚುತ್ತದೆ. ನನ್ನ ಪ್ರಶ್ನೆ ಇರುವುದು ಆ ‘ಏನೋ ಮಾಡುವ’ ಕೆಲಸದ ಹೆಸರಿನ ಬಗ್ಗೆ.

ಈ ಆಟದಲ್ಲಿ ಅದನ್ನು ಮಾಡುವವರು ಇಬ್ಬರು ಕಮ್ಮಾರರು. ಒಬ್ಬ ಬೇರೆ ಲೋಕದಲ್ಲಿ ಕಪ್ಪೆಯಾಗಿ ಸಿಕ್ಕಿಹಾಕಿಕೊಂಡಿರುತ್ತಾನೆ. ಅವನನ್ನು ಕರೆತಂದು ಜೊತೆಗಾರನ ಹತ್ತಿರ ಬಿಟ್ಟರೆ ಇಬ್ಬರೂ ಸೇರಿ ಕತ್ತಿ ಟೆಂಪರ್ ಮಾಡಿಕೊಡುತ್ತೇವೆ ಅನ್ನುತ್ತಾರೆ. ಕೂಲಿ 10 ರುಪೀ. ಆಟದ ದುಡ್ಡಿನ ಹೆಸರೇ ರುಪೀ, ಬಣ್ಣದ ಹರಳಿನ ಹಾಗಿರುತ್ತದೆ, ನಮ್ಮ ರೂಪಾಯಿ ಅಲ್ಲ. ಆದರೂ ಇವನು ‘ಹತ್ತು ರೂಪಾಯಿ’ ಅಂತಲೇ ಓದಿದ. ನಮ್ಮಪ್ಪ ಪಕ್ಕದಲ್ಲಿ ಪೇಪರ್ ಓದುತ್ತಿದ್ದವರು ತಲೆ ಎತ್ತಿ, ‘ಹತ್ತು ರೂಪಾಯಿಗೆ ಈಗ ಕುಡುಗೋಲಿಗೆ ಕಕ್ಕೂ ಹಾಕಿಕೊಡಲ್ಲ ಕಣೋ’ ಅಂದರು. ಕತ್ತಿ ಅಲ್ಲೇ ಬಿಟ್ಟು ಹೋಗಬೇಕು, ಅಲ್ಲಿಯವರೆಗೆ ಬರಿಗೈ. ಒಂದು ಸುತ್ತು ಹೋಗಿ ಬಂದರೆ ಕೆಲಸ ಆಗಿರುತ್ತದೆ. ಇದೊಂದು ಮಾತ್ರ ನಮ್ಮೂರಿನ ಕುಲುಮೆ ಥರಾನೇ, ಅಲ್ಲೂ ಕೊಟ್ಟು ಸಂತೆಗೆ ಹೋಗಿ ಬಾ ಅಂತಾರೆ.

ಈಗ ಪದ. ಪತ್ರಿಕೆಯವರು ಅಪ್‌ಗ್ರೇಡ್‌ಗೆ ‘ಮೇಲ್ದರ್ಜೆಗೇರಿಸು’ ಅಂತ ಬರೆಯುತ್ತಾರೆ. ‘ಮೇಲ್ದರ್ಜೆಗೇರಿಸಿದ ಕತ್ತಿ’ ಅಂದರೆ ನನಗೆ ತಾಲ್ಲೂಕು ಆಸ್ಪತ್ರೆಯ ಬೋರ್ಡೇ ಕಣ್ಣಿಗೆ ಬರುತ್ತದೆ. ‘ಉನ್ನತೀಕರಿಸಿದ’ ಅಂದರೆ ಶಾಲೆ. ‘ಸುಧಾರಿತ’ ಅಂದರೆ ರಾಗಿ, ಜಿಪಿಯು-28 ಸುಧಾರಿತ ತಳಿ ಅಂತ ಬೀಜದ ಚೀಲದ ಮೇಲೆ ಇರುವ ಹಾಗೆ. ಈ ಮೂರೂ ಕಚೇರಿಯಲ್ಲಿ ಹುಟ್ಟಿದ ಪದಗಳು, ಕುಲುಮೆಯ ವಾಸನೆ ಒಂದಕ್ಕೂ ಇಲ್ಲ.

ಹಾಗಾಗಿ ಕುಲುಮೆಗೇ ಹೋದೆ. ನಿಜವಾಗಿಯೂ ಹೋದೆ, ಹುಡುಗನನ್ನೂ ಕರೆದುಕೊಂಡು, ಮನೆಯ ಮಚ್ಚು ಮೊಂಡಾಗಿತ್ತು ಅನ್ನುವ ನೆಪ ಇತ್ತು. ಆಚಾರ್ರು ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟಿನಿಂದ ಹೊಸ ಮಚ್ಚೊಂದನ್ನು ಮಾಡುತ್ತಿದ್ದರು. ತಿದಿ ಹೋಗಿ ಈಗ ಕರೆಂಟಿನ ಬ್ಲೋವರ್ ಬಂದಿದೆ, ಮಿಕ್ಕಿದ್ದೆಲ್ಲ ಹಳೇದೇ. ಕೆಂಪಗೆ ಕಾದ ಮಚ್ಚನ್ನು ಬಾಯಿಯ ಕಡೆಯಿಂದ ಎರಡು ಬೆರಳಷ್ಟು ಮಾತ್ರ ನೀರಿಗೆ ಅದ್ದಿದರು. ಚುಂಯ್ ಅಂತು. ತಕ್ಷಣ ಮೇಲೆತ್ತಿ ಇಟ್ಟಿಗೆ ಚೂರಿನಿಂದ ಗಸಗಸ ಉಜ್ಜಿ ಬೆಳ್ಳಗೆ ಮಾಡಿ, ಹಾಗೇ ಹಿಡಿದುಕೊಂಡು ನೋಡುತ್ತಾ ನಿಂತರು. ನಾವೂ ನೋಡಿದೆವು. ಬೆನ್ನಿನ ಕಡೆ ಇನ್ನೂ ಬಿಸಿ ಇತ್ತಲ್ಲ, ಅದು ಬಾಯಿಯ ಕಡೆಗೆ ಇಳಿಯುತ್ತಾ ಬಂದ ಹಾಗೆ ಬಣ್ಣವೂ ಇಳಿಯಿತು: ಮೊದಲು ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ ಹಣ್ಣಿನ ಬಣ್ಣ. ಹಳದಿ ಬಾಯಿಯ ಅಂಚಿಗೆ ಮುಟ್ಟಿ ಕಂದು ಆಗುವ ಹೊತ್ತಿಗೆ ಸರಿಯಾಗಿ ಇಡೀ ಮಚ್ಚನ್ನು ನೀರಿಗೆ ಹಾಕಿಬಿಟ್ಟರು.

‘ಇದಕ್ಕೆ ಏನಂತೀರಿ ಆಚಾರ್ರೇ?’ ಅಂದೆ.

‘ಏನಂತೀವಿ, ಹದ ಕೊಡೋದು’ ಅಂದರು. ‘ಬರೀ ನೀರಿಗೆ ಅದ್ದಿ ಬಿಟ್ರೆ ಗಾಜಾಗ್ತದೆ ಸ್ವಾಮಿ, ಕಲ್ಲಿಗೆ ತಾಗಿದ್ರೆ ಚಟ್ ಅಂತದೆ. ಒಂಚೂರು ಬಿಸಿ ವಾಪಸ್ ಬರಬೇಕು. ಜಾಸ್ತಿ ಬಂದ್ರೆ ಬಾಯಿ ಮಡಚ್ಕೊಳ್ತದೆ.’

ನಮ್ಮ ಮಚ್ಚನ್ನು ನೋಡಿ ಒಂದೇ ಮಾತು ಅಂದರು, ಅದೂ ತೆಲುಗಿನಲ್ಲಿ: ‘ಪದನು ಪೋಯಿಂದಿ’, ಪದನು ಹೋಯಿತು ಅಂತ. ಯಾರೋ ಅದನ್ನು ಒಲೆಗೆ ಹಾಕಿ ಏನೋ ಕೆದಕಿದ್ದರಂತೆ. ನಾನು ಆಮೇಲೆ ಮನೆಯಲ್ಲಿ ವಿಚಾರಿಸಿದೆ, ಯಾರೂ ಒಪ್ಪಿಕೊಳ್ಳಲಿಲ್ಲ.

ಈ ‘ಪದನು’ ಕೇಳಿದ ಮೇಲೆ ನನಗೆ ತಲೆ ಓಡಿದ್ದು. ನಮ್ಮ ಗಡಿಯಲ್ಲಿ, ಮಧುಗಿರಿ ಪಾವಗಡದ ಕಡೆ ಆಗಲಿ, ಗೌರಿಬಿದನೂರು ಬಾಗೇಪಲ್ಲಿ ಕಡೆ ಆಗಲಿ, ಒಂದೇ ಬಾಯಲ್ಲಿ ಎರಡೂ ಭಾಷೆ ಬರುತ್ತವೆ, ಹಾಗಾಗಿ ಎರಡು ಪದ ಅಕ್ಕಪಕ್ಕ ಕೂತಾಗ ನೆಂಟಸ್ತಿಕೆ ಕಾಣುತ್ತದೆ. ತೆಲುಗಿನಲ್ಲಿ ಪದನು ಅಂದರೆ ಅಲಗಿನ ಹರಿತ, ಮಣ್ಣಿನ ತೇವಕ್ಕೂ ಅದೇ ಪದ. ನಮ್ಮ ಹದವೂ ಹಾಗೇ. ಬಿತ್ತನೆಗೆ ಹದ ಇದೆಯಾ ಅಂತೀವಿ, ಹದ ಮಳೆ ಅಂತೀವಿ, ಚರ್ಮ ಹದ ಮಾಡುತ್ತಾರೆ, ಮೈಸೂರುಪಾಕಿಗೆ ಪಾಕ ಹದಕ್ಕೆ ಬರಬೇಕು. ಹಳಗನ್ನಡದ ಪಕಾರ ಆಮೇಲೆ ಹಕಾರ ಆಯಿತು, ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪದನ್ ಹದ ಆಯಿತು. ತೆಲುಗಿನವರು ಪಕಾರ ಬಿಡಲಿಲ್ಲ ಅಷ್ಟೇ. 9ನೇ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡ ನಾಡಿನವರು ‘ಪದನರಿದು’ ನುಡಿಯಬಲ್ಲವರು ಅಂತ ಇದೆಯಲ್ಲ, ಎಲ್ಲರೂ ಭಾಷಣದಲ್ಲಿ ಹೇಳುವ ಸಾಲು, ಆ ಪದನ್ ಇದೇ. ಮಾತಿಗೂ ಮಚ್ಚಿಗೂ ಒಂದೇ ಪದ!

ಇನ್ನೊಂದು ಖುಷಿಯ ವಿಷಯ. ಇಂಗ್ಲಿಷಿನ ಟೆಂಪರ್‌ಗೆ ಮೂಲ ಲ್ಯಾಟಿನ್ನಿನ ‘ಟೆಂಪರಾರೆ’. ಸರಿಯಾದ ಪ್ರಮಾಣದಲ್ಲಿ ಬೆರೆಸು, ಮಿತಿಯಲ್ಲಿಡು ಅಂತ ಅರ್ಥ. ಅಂದರೆ ಅದು ಹದವೇ. ಕಮ್ಮಾರಿಕೆಯಲ್ಲಿ ಟೆಂಪರಿಂಗ್ ಅಂದರೆ ಉಕ್ಕನ್ನು ಇನ್ನಷ್ಟು ಗಟ್ಟಿ ಮಾಡುವುದಲ್ಲ. ನೀರಿಗೆ ಹಾಕಿದಾಗಲೇ ಅದು ಬೇಕಾದ್ದಕ್ಕಿಂತ ಗಟ್ಟಿಯಾಗಿರುತ್ತದೆ. ಮತ್ತೆ ಸ್ವಲ್ಪ ಕಾಯಿಸಿ ಆ ಗಡಸನ್ನು ಒಂದಿಷ್ಟು ಇಳಿಸಬೇಕು, ಒಡೆಯದ ಹಾಗೆ. ಹುಲ್ಲಿನ ಹಳದಿ ಬರುವುದು ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ, ನೀಲಿ ಸುಮಾರು 300ಕ್ಕೆ. ಆಟ ಮಾಡಿದವರಿಗೆ ಇದೆಲ್ಲ ಬೇಕಿರಲಿಲ್ಲ, ಅವರಿಗೆ ಕತ್ತಿಯ ಪೆಟ್ಟು ಜೋರಾದರೆ ಸಾಕು. ಆದರೆ ಇಂಗ್ಲಿಷ್ ಹೆಸರಿಗೆ ಕನ್ನಡದಲ್ಲಿ ಇಷ್ಟು ಸರಿಯಾಗಿ ಕೂರುವ ಪದ ಇರುವಾಗ ಬಿಡುವುದು ಹೇಗೆ?

ಹಾಗೆ ನೋಡಿದರೆ ಈ ಪದ ನಮ್ಮ ಕಡೆ ಇಲ್ಲದೆ ಇನ್ನೆಲ್ಲಿರಬೇಕು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸರ್ವೆಗೆ ಬಂದ ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲಿ ಓಡಾಡಿದಾಗ ಮಧುಗಿರಿ, ಚನ್ನರಾಯನದುರ್ಗ, ಹಾಗಲವಾಡಿ, ದೇವರಾಯನದುರ್ಗದ ಕಡೆಗಳಲ್ಲಿ ಕಬ್ಬಿಣ ಕರಗಿಸುತ್ತಿದ್ದದ್ದನ್ನು ಬರೆದಿಟ್ಟಿದ್ದಾನೆ. ನಮ್ಮ ಕಡೆಯ ಹಳೇ ಕಾಲದ ಉಕ್ಕಿಗೆ ಇಂಗ್ಲಿಷಿನಲ್ಲಿರುವ ವೂಟ್ಜ್ ಅನ್ನುವ ಹೆಸರು ಸಹ ನಮ್ಮ ‘ಉಕ್ಕು’ ಪದದಿಂದ ಹೋದದ್ದು ಅಂತ ಹೇಳುತ್ತಾರಲ್ವಾ.

ಸರಿ, ಹದ ಸಿಕ್ಕಿತು. ಕತ್ತಿಗೆ ಅಂಟಿಸುವುದು ಹೇಗೆ? ‘ಹದವಾದ ಕತ್ತಿ’ ಅಂದರೆ ಕೆಲಸ ಕೆಟ್ಟಿತು. ಹದವಾದ ಉಪ್ಪು, ಹದವಾದ ಬಿಸಿನೀರು ಅಂದ ಹಾಗೆ ಸುಮಾರಾಗಿ ಪರವಾಗಿಲ್ಲ ಅನ್ನುವ ಕತ್ತಿ ಆಗುತ್ತದೆ, ರಾಕ್ಷಸನ ಮೇಲೆ ಬೀಸುವುದಕ್ಕೆ ಅದು ಸಾಲದು. ‘ಹದಗೊಳಿಸಲ್ಪಟ್ಟ ಕತ್ತಿ’ ಅನ್ನುವವರು ಬೇರೆ ಇದ್ದಾರೆ, ಅವರ ಹತ್ತಿರ ನನಗೆ ಮಾತಿಲ್ಲ. ಸಮಾಸ ಮಾಡಿದರೆ ಆದೇಶ ಸಂಧಿಯಾಗಿ ‘ಹದಗತ್ತಿ’. ಮಳೆ, ಕಾಲ ಸೇರಿ ಮಳೆಗಾಲ ಆಗುವ ಹಾಗೆ. ಚಿಕ್ಕದಾಗಿದೆ, ಬಾಯಲ್ಲಿ ನಿಲ್ಲುತ್ತದೆ, ಆಟದ ಹೆಸರಿನ ಹಾಗೇ ಇದೆ. ಅದೇ ಆಟದಲ್ಲಿ ಮುಂದಿನ ಮೆಟ್ಟಿಲು ಗೋಲ್ಡನ್ ಸೋರ್ಡ್, ಪಿರಮಿಡ್ಡಿನ ಒಳಗೆ ದಪ್ಪ ಯಕ್ಷಿಯೊಬ್ಬಳ ಕೊಳಕ್ಕೆ ಕತ್ತಿ ಎಸೆದರೆ ಬಂಗಾರದ್ದಾಗಿ ವಾಪಸ್ ಬರುತ್ತದೆ. ಅದು ಹೊಂಗತ್ತಿ. ಹೊಂಗನಸು ಇದ್ದ ಮೇಲೆ ಹೊಂಗತ್ತಿ ಇರಬಾರದಾ. ಮಾಸ್ಟರ್ ಸೋರ್ಡ್‌ಗೇ ಏನನ್ನಬೇಕು ಅನ್ನುವುದು ಬೇರೆ ಜಗಳ. ‘ಮೇಷ್ಟ್ರ ಕತ್ತಿ’ ಬೇಡ. ದಸರಾದಲ್ಲಿ ‘ಪಟ್ಟದ ಕತ್ತಿ’ ಅಂತ ಕೇಳುತ್ತೀವಲ್ಲ, ಅದು ನನಗೆ ಇಷ್ಟ. ಆದರೆ ಇದು ಅರಮನೆಯ ಕತ್ತಿ ಅಲ್ಲ, ಕಾಡಿನದು. ಅದನ್ನು ಇನ್ನೊಂದು ದಿನ ಕೇಳುತ್ತೇನೆ.

ತೊಂದರೆ ಎಲ್ಲಿ ಬಂತು ಅಂದರೆ, ‘ಹದಗತ್ತಿ’ ಅಂತ ಬರೆದುಕೊಟ್ಟ ಕೂಡಲೇ ಹುಡುಗ ಜೋರಾಗಿ ಓದಿದ: ‘ಹದಗೆಟ್ಟ ಕತ್ತಿ.’

ಅವನು ದಿನಾ ಕೇಳುವುದು ಅದನ್ನೇ ತಾನೆ. ರಸ್ತೆ ಹದಗೆಟ್ಟಿದೆ, ಪರಿಸ್ಥಿತಿ ಹದಗೆಟ್ಟಿದೆ, ಅಜ್ಜಿ ಆರೋಗ್ಯ ಹದಗೆಟ್ಟಿದೆ. ಹದ ಸೇರಿದ ಪದಗಳಲ್ಲಿ ಈಗಿನ ಮಕ್ಕಳ ಕಿವಿಗೆ ಬೀಳುವುದು ಹದಗೆಡುವುದೊಂದೇ. ಅದರಲ್ಲೂ ಅದೇ ಸಂಧಿ, ಅದೇ ಗಕಾರ. ಹದ ಇದ್ದದ್ದೂ ಕೆಟ್ಟದ್ದೂ ಒಂದೇ ಥರ ಕೇಳುತ್ತದೆ.

ಇದೇ ಸರಣಿಯ ಬೇರೆ ಆಟಗಳಿಗೆ ಈ ಪದ ಹೊಂದುತ್ತಾ ಅಂತಲೂ ನೋಡಿದೆ, ಯಾಕೆಂದರೆ ಒಂದು ಆಟಕ್ಕೆ ಒಂದು ಪದ ಅಂತ ಹುಟ್ಟಿಸುತ್ತಾ ಹೋದರೆ ಮುಗಿಯುವುದಿಲ್ಲ. 2013ರ ‘ಎ ಲಿಂಕ್ ಬಿಟ್ವೀನ್ ವರ್ಲ್ಡ್ಸ್’ನಲ್ಲಿ ಹೆಸರು ಬದಲಾಗುವುದಿಲ್ಲ, ಲೆವೆಲ್ ಮಾತ್ರ ಏರುತ್ತದೆ. ಎರಡು ತುಂಡು ಅದಿರು ಕೊಟ್ಟರೆ ಒಬ್ಬ ಕಮ್ಮಾರ ಲೆವೆಲ್ ಎರಡು ಮಾಡಿಕೊಡುತ್ತಾನೆ. ಇನ್ನೆರಡು ಕೊಟ್ಟರೆ ಆ ಕಡೆಯ ಲೋಕದ ಕಮ್ಮಾರ ಲೆವೆಲ್ ಮೂರು. ಅಲ್ಲಿ ‘ಎರಡನೇ ಹದ’, ‘ಮೂರನೇ ಹದ’ ಅಂದರೆ ಸೊಗಸಾಗಿದೆ, ಒಂದೆಳೆ ಪಾಕ ಎರಡೆಳೆ ಪಾಕ ಇದ್ದ ಹಾಗೆ. 2011ರ ‘ಸ್ಕೈವರ್ಡ್ ಸೋರ್ಡ್’ನಲ್ಲಂತೂ ಈ ಕತ್ತಿ ಹುಟ್ಟಿದ ಕಥೆಯೇ ಇದೆ, ಮೂರು ದೇವತೆಗಳ ಮೂರು ಬೆಂಕಿಯಲ್ಲಿ ಒಂದೊಂದಾಗಿ ಕಾಯುತ್ತಾ ಮಾಸ್ಟರ್ ಸೋರ್ಡ್ ಆಗುತ್ತದೆ. ಬೆಂಕಿ ಇರುವ ಕಡೆ ಹದಕ್ಕೆ ತಕರಾರಿಲ್ಲ.

2002ರ ‘ವಿಂಡ್ ವೇಕರ್’ನಲ್ಲಿ ಮಾತ್ರ ಹದ ಹೊಂದಲಿಲ್ಲ. ಅಲ್ಲಿ ಕತ್ತಿ ಸಿಕ್ಕಿದಾಗಲೇ ಶಕ್ತಿ ಕಳಕೊಂಡಿರುತ್ತದೆ. ಎರಡು ಗುಡಿಗಳಲ್ಲಿ ಇಬ್ಬರು ಪ್ರಾರ್ಥನೆ ಮಾಡಿದ ಮೇಲೆ ಹಂತ ಹಂತವಾಗಿ ವಾಪಸ್ ಬರುತ್ತದೆ. ಸುತ್ತಿಗೆ ಇಲ್ಲ, ನೀರಿಲ್ಲ. ಅಲ್ಲಿ ‘ಕಳೆ ತುಂಬಿತು’ ಅನ್ನಬೇಕು. ದೇವಸ್ಥಾನ ರಿಪೇರಿ ಮಾಡುವಾಗ ದೇವರ ಕಳೆಯನ್ನು ಕಲಶಕ್ಕೆ ಇಳಿಸಿ, ಕೆಲಸ ಮುಗಿದ ಮೇಲೆ ಮತ್ತೆ ತುಂಬುತ್ತಾರಲ್ಲ, ಅದೇ ಲೆಕ್ಕ.

ಇನ್ನು 2000ದ ‘ಮಜೋರಾಸ್ ಮಾಸ್ಕ್’ನಲ್ಲಿ ಮಾಸ್ಟರ್ ಸೋರ್ಡ್ ಬಳಸುವುದೇ ಇಲ್ಲ, ಬೇರೆ ಸಣ್ಣ ಕತ್ತಿ. ಹಿಮದ ಬೆಟ್ಟದ ಕುಲುಮೆಯವನಿಗೆ 100 ರುಪೀ ಕೊಟ್ಟು ಒಂದು ದಿನ ಬಿಟ್ಟರೆ ಅದು ರೇಜರ್ ಸೋರ್ಡ್ ಆಗುತ್ತದೆ. ಇದಕ್ಕೆ ಪದಶಃ ಕನ್ನಡ ‘ಕ್ಷೌರದ ಕತ್ತಿ’, ಬೇಡವೇ ಬೇಡ. ಆದರೆ ಅದರ ಗುಣ ನೋಡಿ: 100 ಪೆಟ್ಟಿಗೆ ಹರಿತ ಮುಗಿದು ಮತ್ತೆ ಹಳೇ ಕತ್ತಿ ಆಗಿಬಿಡುತ್ತದೆ. ಹದಕ್ಕೂ ಸಾಣೆಗೂ ಇರುವ ವ್ಯತ್ಯಾಸ ಇದೇ. ಸಾಣೆ ಬಾಯಿಗೆ ಮಾತ್ರ, ಸವೆಯುತ್ತದೆ. ಹದ ಒಳಗಿನ ಕಬ್ಬಿಣಕ್ಕೆ, ಒಲೆಗೆ ಹಾಕದಿದ್ದರೆ ಹೋಗುವುದಿಲ್ಲ. ಹಾಗಾಗಿ ಅದಕ್ಕೆ ಸಾಣೆಗತ್ತಿ ಅಂತ ಇಟ್ಟೆ, ಹುಡುಗನೂ ಒಪ್ಪಿದ.

ಹದಗತ್ತಿಗೆ ಬದಲು ಏನಾದರೂ ಇದೆಯಾ ಅಂತ ನಿಮ್ಮನ್ನು ಕೇಳುವುದು. ‘ಹದವೇರಿದ ಕತ್ತಿ’ ಅಂತ ಒಂದು ಯೋಚನೆ ಇದೆ, ಆದರೆ ಉದ್ದ, ಮತ್ತೆ ಹದ ಏರುವುದಿಲ್ಲ, ಬರುತ್ತದೆ. ಕರಾವಳಿಯವರು, ಧಾರವಾಡದ ಕಡೆಯವರು ಕುಲುಮೆಯಲ್ಲಿ ಇದಕ್ಕೆ ಏನನ್ನುತ್ತೀರಿ? ಕರಾವಳಿಯಲ್ಲಿ ಕತ್ತಿ ಅಂದರೆ ಮನೆಯ ಕತ್ತಿಯೇ ಆದ್ದರಿಂದ ಅಲ್ಲಿ ಇನ್ನೇನೋ ಒಳ್ಳೇ ಪದ ಇರಬಹುದು ಅಂತ ಆಸೆ. ಪುಸ್ತಕದಿಂದ ತೆಗೆದ ಪದ ಬೇಡ, ಕೇಳಿದ ಪದ ಬೇಕು.

ಹುಡುಗನ ತಕರಾರು ಈಗ ಇಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ನಿನ್ನೆ ರಾತ್ರಿ 2023ರ ‘ಟಿಯರ್ಸ್ ಆಫ್ ದ ಕಿಂಗ್ಡಮ್’ ಹಾಕಿದ್ದ. ಶುರುವಿನಲ್ಲೇ ಅದೇ ಮಾಸ್ಟರ್ ಸೋರ್ಡ್ ಕೆಟ್ಟ ಶಕ್ತಿ ತಾಗಿ ಚೂರಾಗಿ, ಕರಿ ಹಿಡಿದ ಮೋಟು ಉಳಿಯುತ್ತದೆ. ರೆಕಾರ್ಡಿಂಗ್ ಆನ್ ಇತ್ತು. ‘ಫ್ರೆಂಡ್ಸ್, ಇದು ಹದಗತ್ತಿ ಅಲ್ಲ, ಹದಗೆಟ್ಟ ಕತ್ತಿ. ಎರಡೂ ಬೇರೆ, ಕನ್ಫ್ಯೂಸ್ ಆಗ್ಬೇಡಿ’ ಅಂದ.