ಓಲ್ಡ್-ಫ್ಯಾಶನ್ಡ್‌ನಲ್ಲಿ ಸಿಲಬಲ್ ಎಷ್ಟು, ಸ್ಟ್ರೆಸ್ ಎಲ್ಲಿ?

ಕೇಳಿದವರು: ಬಿ.ಎಡ್. ಓದುತ್ತಿದ್ದೇನೆ. ಓಲ್ಡ್-ಫ್ಯಾಶನ್ಡ್, ಕೈಂಡ್-ಹಾರ್ಟೆಡ್ ಥರದ ಇಂಗ್ಲಿಷ್ ಜೋಡಿ ವಿಶೇಷಣಗಳನ್ನು ಸಿಲಬಲ್‌ಗಳಾಗಿ, ಅಂದರೆ ಒಂದೊಂದು ಸ್ವರವಿರುವ ಉಚ್ಚಾರದ ತುಂಡುಗಳಾಗಿ, ಒಡೆದು ಜೋರಾಗಿ ಹೇಳುವ ತುಂಡಿಗೆ ಸ್ಟ್ರೆಸ್ ಗುರುತು ಹಾಕಬೇಕು. ಪ್ರತಿ ಸಲ ತಪ್ಪುತ್ತದೆ. ನೀವೆಲ್ಲ ಹೇಗೆ ಕಲಿತಿರಿ?

ಎಂ.ಎ. ಇಂಗ್ಲಿಷ್: ನಾನು ಕನ್ನಡದಲ್ಲಿ ಬರೆದುಕೊಂಡು ಅಕ್ಷರ ಎಣಿಸುತ್ತಿದ್ದೆ, ಎಡವಿದ್ದೇ ಅಲ್ಲಿ. ನಮ್ಮ ಬಾಯಲ್ಲಿ ಓಲ್ಡ್ ಹೋಗಿ ‘ಓಲ್ಡು’ ಆಗುತ್ತದೆ, ಒಂದು ಸಿಲಬಲ್ ಎರಡಾಗುತ್ತದೆ. ಆ ಉಕಾರ ಬಿಟ್ಟು, ನಿಜವಾಗಿ ಕೇಳಿಸುವ ಸ್ವರ ಎಷ್ಟು ಅಂತ ಎಣಿಸಿ. ಓಲ್ಡ್, ಫ್ಯಾ, ಶನ್ಡ್: ಮೂರು. ಕೊನೆಯ ‘ಇ-ಡಿ’ ನೋಡಿ ಮೋಸ ಹೋಗಬೇಡಿ, ಅದರ ಹಿಂದೆ ಟ ಅಥವಾ ಡ ಸದ್ದು ಇದ್ದಾಗಲೇ ಸಾಮಾನ್ಯವಾಗಿ ಅದು ಬೇರೆ ಸಿಲಬಲ್. ಹಾಗಾಗಿ ಕೈಂಡ್-ಹಾರ್-ಟೆಡ್ ಮೂರು, ಬ್ಲೂ-ಐಡ್ ಎರಡೇ.

ಮೇಲಿನದಕ್ಕೆ ಬಾಲ: ತ್ರೀ-ಲೆಗ್ಡ್ ಪದವನ್ನು ‘ಲೆಗೆಡ್’ ಅಂತ ಎಳೆದು ಹೇಳುವವರೂ ಇದ್ದಾರೆ, ಅದೂ ಸರಿಯೇ.

ಟ್ಯೂಷನ್ ಅಕ್ಕ: ಸ್ಟ್ರೆಸ್ ನನಗೆ ಬಹಳ ದಿನ ಹತ್ತಲೇ ಇಲ್ಲ, ಯಾಕೆಂದರೆ ಪದವನ್ನು ಒಂಟಿಯಾಗಿ ನೋಡುತ್ತಿದ್ದೆ. ‘ಹೀ ಈಸ್ ವೆಲ್-ನೋನ್’ ಅಂದಾಗ ಜೋರು ‘ನೋನ್’ ಮೇಲೆ. ‘ಎ ವೆಲ್-ನೋನ್ ರೈಟರ್’ ಅಂದರೆ ಪಕ್ಕದಲ್ಲೇ ‘ರೈ’ ಮೇಲೆ ಇನ್ನೊಂದು ಜೋರು ಕಾದಿರುತ್ತದೆ, ಎರಡೂ ಡಿಕ್ಕಿ ಹೊಡೆಯಬಾರದು ಅಂತ ಮೊದಲನೆಯದು ಹಿಂದಕ್ಕೆ ‘ವೆಲ್’ಗೆ ಜಾರುತ್ತದೆ. ಥರ್ಟೀನ್ ಕೂಡ ಹಾಗೇ, ‘ಥರ್ಟೀನ್ ಬುಕ್ಸ್’ ಅಂತ ಹೇಳಿ ನೋಡಿ. ವೆಲ್, ಓಲ್ಡ್, ಬ್ಯಾಡ್ ಇಂಥವು ಮೊದಲಿಗಿದ್ದು ಬರೀ ಪದ ಕೊಟ್ಟಿದ್ದರೆ ಎರಡನೇ ಭಾಗಕ್ಕೆ ಮುಖ್ಯ ಸ್ಟ್ರೆಸ್ ಹಾಕಿ. ವಾಕ್ಯ ಕೊಟ್ಟಿದ್ದರೆ ಮುಂದೆ ನಾಮಪದ ಇದೆಯಾ ನೋಡಿ. ಮೊದಲ ಭಾಗವೇ ನಾಮಪದವಾದರೆ ಲೆಕ್ಕ ಬೇರೆ: ವಾಟರ್‌ಪ್ರೂಫ್, ಏರ್‌ಟೈಟ್, ಟೈಮ್-ಕನ್ಸ್ಯೂಮಿಂಗ್ ಎಲ್ಲದರಲ್ಲೂ ಮೊದಲಲ್ಲೇ ಜೋರು. ಹೋಮ್-ಮೇಡ್ ಮಾತ್ರ ಮತ್ತೆ ‘ಮೇಡ್’ ಕಡೆ, ಅದಕ್ಕೆ ಏನು ಹೇಳುವುದು! ಸುಮ್ನೆ ಊಹಿಸಬೇಡಿ, ಡಿಕ್ಷನರಿ ತೆಗೆಯಿರಿ. ಅದರಲ್ಲಿ ಮೇಲಿನ ಪುಟ್ಟ ಗೆರೆ ಮುಖ್ಯ ಸ್ಟ್ರೆಸ್, ಕೆಳಗಿನದು ಚಿಕ್ಕದು.

ಕನ್ನಡ ಮೇಜರ್: ಪ್ರಸ್ತಾರ ಹಾಕಿ ಅಭ್ಯಾಸ ಇದ್ದವರು ಹುಷಾರು. ಗುರು ಇದ್ದಲ್ಲಿ ಸ್ಟ್ರೆಸ್ ಅಂತ ನಾನೂ ನಂಬಿದ್ದೆ. ಗುಡ್-ಲುಕಿಂಗ್‌ನಲ್ಲಿ ‘ಲು’ ಅಪ್ಪಟ ಲಘು, ಜೋರು ಬೀಳುವುದು ಅದರ ಮೇಲೇ.

ಹೈಸ್ಕೂಲ್ ಮೇಷ್ಟ್ರು: ಪಾಠ ಮಾಡುವಾಗ ‘ಒತ್ತು’ ಅನ್ನಬೇಡಿ, ಸ್ಟ್ರೆಸ್ ಅಂತಲೇ ಅನ್ನಿ. ನಾನು ಓಲ್ಡ್-ಫ್ಯಾಶನ್ಡ್ ಅಂತ ಬೋರ್ಡ್ ಮೇಲೆ ಕನ್ನಡದಲ್ಲೇ ಬರೆದು ಒತ್ತು ಎಲ್ಲಿದೆ ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ‘ಮೂರು ಕಡೆ ಸರ್’ ಅಂದ. ಡ ಒತ್ತು, ಯ ಒತ್ತು, ಮತ್ತೆ ಡ ಒತ್ತು.