ಪದಚರ್ಚೆ: ಕಲ್ಗೋರಿಯ ಮಣಿ ಒಡವೆಯೋ, ತಾಯಿತವೋ?

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ನಮ್ಮ ಜಿಲ್ಲೆಯ ಪುರಾತನ ನೆಲೆ ಬ್ರಹ್ಮಗಿರಿಯ ಬಗ್ಗೆ ಒಂದು ಫ್ಲೆಕ್ಸ್ ಬೇಕು. ಸಂಜೆ ಐದಕ್ಕೆ ಪ್ರಿಂಟಿಗೆ ಕೊಡಬೇಕು, ಇನ್ನೂ ತಲೆಬರಹವೇ ಆಗಿಲ್ಲ. 1947ರಲ್ಲಿ ಪುರಾತತ್ವಜ್ಞ ವೀಲರ್ ಅಲ್ಲಿ ಅಗೆಸಿದಾಗ ಒಂದೇ ಕಲ್ಗೋರಿಯಲ್ಲಿ (ದೊಡ್ಡ ಕಲ್ಲುಗಳಿಂದ ಕಟ್ಟಿದ ಹಳೆಯ ಗೋರಿ) 33 ಚಿನ್ನದ ಮಣಿ, 2 ಕಲ್ಲಿನ ಮಣಿ, 4 ತಾಮ್ರದ ಬಳೆ, ಒಂದು ಶಂಖ ಸಿಕ್ಕವು. ಚೆಂದಕ್ಕೆ ತೊಡುವುದು ಬೇರೆ, ಕಾಪಾಡಲಿ ಅಂತ ತೊಡುವುದು ಬೇರೆ ಅಲ್ವಾ? ಎರಡನೆಯದಕ್ಕೆ ತಾಯಿತ ಅಂದರೆ ಸಾಕಾ?

ಹೊಳಲ್ಕೆರೆಯಿಂದ:
ತಾಯಿತ ಬೇಡ. ಅರಬ್ಬಿಯ ತಾವೀಜ್ ಅದು. ನಮ್ಮದೇ 'ಕಾಪು' ಇದೆ, 'ಕಾಪಾಡು' ಅನ್ನುವುದರಲ್ಲಿ ದಿನಾ ಬಳಸುತ್ತೀರಿ. ತಮಿಳಿನಲ್ಲಿ ಕಾಪ್ಪು ಅಂದರೆ ಕಾವಲೂ ಹೌದು, ಕೈಬಳೆಯೂ ಹೌದು. 'ಕಾಪುದೊಡವು' ಎಂದು ಬರೆಯಿರಿ. ಮುಗಿಯಿತು.

ದಾವಣಗೆರೆಯಿಂದ:
ಮುಗಿಯಲಿಲ್ಲ. ಕಾಪು ಅಂದರೆ ಮಕ್ಕಳು ಉಡುಪಿ ಹತ್ತಿರದ ಊರು ಅಂದುಕೊಳ್ಳುತ್ತಾರೆ. ನನಗೆ ಚಿಕ್ಕಂದಿನಲ್ಲಿ ಜ್ವರ ಬಿಡದಿದ್ದಾಗ ಅಜ್ಜಿ ಉಡಿದಾರಕ್ಕೆ ತಾಮ್ರದ ತಾಯಿತ ಕಟ್ಟಿದ್ದರು. ಬೆರಳ ಗೆಣ್ಣಿನಷ್ಟು ಉದ್ದ, ಎರಡು ತುದಿಗೂ ಅರಗು ಮೆತ್ತಿತ್ತು. ಅಜ್ಜಿಯ ಬಾಯಲ್ಲಿ ಅದು ಅರಬ್ಬಿಯಾಗಿರಲಿಲ್ಲ. ಹೊರಗಿನದು ಬೇಡ ಅನ್ನುವವರು ಕರಡಿಗೆಯನ್ನೂ ಬಿಡಬೇಕಾಗುತ್ತದೆ. ಇಷ್ಟಲಿಂಗವನ್ನು ಬೆಳ್ಳಿ ಕರಡಿಗೆಯಲ್ಲಿಟ್ಟು ಶಿವದಾರದಲ್ಲಿ ಕಟ್ಟಿಕೊಳ್ಳುತ್ತೇವೆ. ಆ ಮಾತು ಸಂಸ್ಕೃತದ ಕರಂಡಕದಿಂದ ಬಂದದ್ದು.

ಹೊಳಲ್ಕೆರೆಯಿಂದ:
ಕರಡಿಗೆ ತದ್ಭವ. ಎಂದೋ ಒಗ್ಗಿದೆ. ಹೋಲಿಕೆ ಸರಿಯಿಲ್ಲ.

ದಾವಣಗೆರೆಯಿಂದ:
ತಾವೀಜು ತಾಯಿತ ಆಗಿದ್ದು ಒಗ್ಗಿದ್ದಲ್ಲವೇ? ಸಾಬೂನು, ರುಮಾಲು, ಕಚೇರಿ ಎಲ್ಲವನ್ನೂ ವಾಪಸ್ ಕಳಿಸುತ್ತೀರಾ? ಸಂಸ್ಕೃತಕ್ಕೆ ಒಂದು ಬಾಗಿಲು, ಅರಬ್ಬಿಗೆ ಇನ್ನೊಂದು ಅಂದರೆ ನಾನು ಒಪ್ಪುವುದಿಲ್ಲ.

ಹಿರಿಯೂರಿನಿಂದ:
ಇಬ್ಬರೂ ಗೋರಿಯನ್ನೇ ಮರೆತಿರಿ. ಆ ಮಣಿಗಳನ್ನು ಯಾತಕ್ಕೆ ತೊಟ್ಟಿದ್ದರು ಅಂತ ಮಣಿ ಹೇಳುವುದಿಲ್ಲ. ತಾಯಿತ ಅಂದರೂ ಕಾಪು ಅಂದರೂ ಅವರ ನಂಬಿಕೆಯನ್ನು ನಾವೇ ಸುಮ್ನೆ ಕಟ್ಟಿದ ಹಾಗೆ. ನಮಗೆ ಕಾಣುವುದು ಇಷ್ಟೇ: ಅಷ್ಟು ಚಿನ್ನವನ್ನು ಬದುಕಿದ್ದವರು ಬಳಸಿಕೊಳ್ಳಲಿಲ್ಲ, ಗೋರಿಯೊಳಗೆ ಇಟ್ಟರು. ಕಡಲಿಂದ ಇಷ್ಟು ದೂರದ ಊರಿಗೆ ಶಂಖ ಬಂದಿತ್ತು, ಅದನ್ನೂ ಇಟ್ಟರು. 'ಒಡವೆ' ಅಂತ ಹಾಕಿ. ಹಿಂದೆ ಒಡವೆ ಅಂದರೆ ಬರೀ ನಗ ಅಲ್ಲ, ಒಬ್ಬರ ಸ್ವತ್ತು. ಒಡೆಯ, ಒಡೆತನ ಇದರ ನೆಂಟರೇ.

ಚಿತ್ರದುರ್ಗದಿಂದ:
'ಗೋರಿಯೊಳಗಿನ ಒಡವೆ' ಅಂತ ಕೊಟ್ಟು ಈಗಷ್ಟೇ ಬಂದೆ. ಸ್ವತ್ತು ಅನ್ನುವ ಅರ್ಥ ಸಿಕ್ಕಿದ್ದು ತುಂಬಾ ಉಪಕಾರವಾಯಿತು. ಶಂಖವನ್ನು ನಗ ಅನ್ನುವುದು ಹೇಗೆ ಅಂತ ಬೆಳಗ್ಗೆಯಿಂದ ತಡಕಾಡುತ್ತಿದ್ದೆ. ಈಗ ಅದೂ ಒಳಗೆ ಬಂತು.

ಹೊಳಲ್ಕೆರೆಯಿಂದ:
ಒಡವೆ ಒಪ್ಪಿದೆ. 'ಒಳಗಿನ' ತೆಗೆದು 'ಗೋರಿಯ ಒಡವೆ' ಮಾಡಿ. ಗೋರಿಯೂ ನಮ್ಮ ಮಾತಲ್ಲ, ಪಾರಸಿಯ ಗೋರ್. ಅದನ್ನು ಯಾಕೆ ಯಾರೂ ಕೇಳಲಿಲ್ಲ?